ಗೂಟವಿಲ್ಲದ ರಕ್ತ

ನನ್ನನ್ನು ಒಂದು ಸೇರು ನುಚ್ಚು ಕೊಟ್ಟು ಕೊಂಡುಕೊಂಡರು ಎಂಬುದು ನಮ್ಮ ಮನೆಯ ಹಳೆಯ ತಮಾಷೆ. ಅದನ್ನು ಕಟ್ಟಿದವಳು ನನ್ನ ಅತ್ತಿ, ಅಪ್ಪನ ತಂಗಿ. ವಿಜಯಪುರದಿಂದ ಪುಣೆಗೆ ಬಂದಾಗಲೆಲ್ಲ, ಕೋಥರೂಡದ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವಳು ನನ್ನ ಗದ್ದ ಹಿಡಿದು, ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಿದ್ದಳು.

"ಮೂಗ ನಮ್ಮದಲ್ಲ, ಬಣ್ಣ ವೈನಿದಲ್ಲ. ನಾ ಹೇಳ್ಲಿಲ್ಲೇನು, ಇದನ್ನ ದವಾಖಾನಿ ಮುಂದ ಒಂದ ಸೇರ ನುಚ್ಚ ಕೊಟ್ಟು ತಗೊಂಡ ಬಂದೀವಿ ಅಂತ?"

"ಒಂದ ಸೇರ ಭಾಳಾತು," ಎನ್ನುತ್ತಿದ್ದರು ಅಪ್ಪ. "ಅರ್ಧಾ ಸೇರಿಗೆ ಕೊಡ್ತಿದ್ರು. ನಿನಗ ಚೌಕಾಸಿ ಮಾಡಾಕ ಬರಂಗಿಲ್ಲ."

"ಸಾಕ ಬಿಡ್ರಿ, ಹುಡುಗಿ ಮುಖಾ ನೋಡ್ರಿ," ಎಂದು ಅವ್ವ, ಅಂದರೆ ಅತ್ತಿಯ ವೈನಿ, ಅಡುಗೆಮನೆಯಿಂದಲೇ ಗದರುವಳು.

ಚಿಕ್ಕವಳಿದ್ದಾಗ ನಾನು ಅಳುತ್ತಿದ್ದೆ. ಆಮೇಲೆ ನಗುವುದನ್ನು ಕಲಿತೆ. ಹನ್ನೊಂದನೆಯ ತರಗತಿಯ ಒಂದು ಮಧ್ಯಾಹ್ನದ ನಂತರ ನಗುವುದು ಮತ್ತೆ ಕಷ್ಟವಾಯಿತು.

ಆವತ್ತು ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಎಲ್ಲರೂ ತಮ್ಮ ತಮ್ಮ ರಕ್ತದ ಗುಂಪು ಕಂಡುಹಿಡಿಯಬೇಕಿತ್ತು. ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತ ಹಾಕಬೇಕು. ಒಂದು ಹನಿಗೆ ನೀಲಿ ದ್ರವ, ಇನ್ನೊಂದಕ್ಕೆ ಹಳದಿ. ನೀಲಿಯಲ್ಲಿ ರಕ್ತ ಕಾಳುಕಾಳಾದರೆ ಎ ಗುಂಪು, ಹಳದಿಯಲ್ಲಿ ಆದರೆ ಬಿ, ಎರಡರಲ್ಲೂ ಆದರೆ ಎಬಿ, ಎರಡರಲ್ಲೂ ಏನೂ ಆಗದಿದ್ದರೆ ಓ. ನನ್ನ ಹಳದಿ ಹನಿ ಕಡ್ಡಿಯಿಂದ ಕಲಕುತ್ತಿದ್ದಂತೆಯೇ ಒಡೆದು ಕೆಂಪು ಮರಳಿನ ಹಾಗಾಯಿತು. ನೋಡಲು ಚಂದವಿತ್ತು. ನನ್ನದು ಬಿ.

ಪ್ರಯೋಗ ಮುಗಿದ ಮೇಲೆ ಮೇಡಂ ಹಲಗೆಯ ಮೇಲೆ ಒಂದು ಕೋಷ್ಟಕ ಬರೆದರು. ತಂದೆ ತಾಯಿಯರ ಗುಂಪು ಇಂಥದ್ದಾದರೆ ಮಕ್ಕಳದು ಯಾವುದಾಗಬಹುದು, ಯಾವುದು ಆಗಲಾರದು. ಕೊನೆಯ ಸಾಲಿಗೆ ಬಂದಾಗ ಅವರು ಮರಾಠಿಯಲ್ಲಿ ಹೇಳಿದರು: "ಆಯಿ-ಬಾಬಾ ದೋಘೇಹೀ ಓ ಅಸತೀಲ, ತರ ಮೂಲ ಓಚ." ಇಬ್ಬರದೂ ಓ ಆಗಿದ್ದರೆ ಮಗುವಿನದೂ ಓ, ಬೇರೆ ಮಾತೇ ಇಲ್ಲ.

ಹಿಂದಿನ ಬೆಂಚಿನಿಂದ ಯಾರೋ ಹುಡುಗ, "ನಾಹೀ ತರ ಶೇಜಾರೀ ವಿಚಾರಾ!" ಎಂದ. ಇಲ್ಲವಾದರೆ ಪಕ್ಕದ ಮನೆಯಲ್ಲಿ ಕೇಳಿ ಎಂದು. ಇಡೀ ತರಗತಿ ನಕ್ಕಿತು. ಮೇಡಂ ಕೂಡ ನಗು ತಡೆದುಕೊಂಡೇ ಗದರಿದರು.

ನಮ್ಮ ಮನೆಯ ಬಾಗಿಲ ಹಿಂದೆ ಗೂಟಗಳನ್ನು ಹೊಡೆದ ಒಂದು ಮರದ ಹಲಗೆ ಇದೆ. ಸ್ಕೂಟರಿನ ಕೀಲಿ, ಕೊಡೆ, ಅಪ್ಪನ ಟೊಪ್ಪಿಗೆ, ಎಲ್ಲ ಅಲ್ಲಿಯೇ. ಅಪ್ಪ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಅವರ ಗುರುತಿನ ಕಾರ್ಡೂ ಅಲ್ಲಿಯೇ ತೂಗುತ್ತದೆ. ಅದರ ಮೇಲೆ ಫೋಟೋದ ಕೆಳಗೆ ಕೆಂಪು ಅಕ್ಷರದಲ್ಲಿ ರಕ್ತದ ಗುಂಪು ಅಚ್ಚಾಗಿತ್ತು: ಓ. ದಿನಾ ಶಾಲೆಗೆ ಹೊರಡುವಾಗ ನನ್ನ ಕಣ್ಣಿಗೆ ಬೀಳುತ್ತಿದ್ದ ಅಕ್ಷರ ಅದು. ಅವ್ವನದೂ ಓ. ಅವಳಿಗೆ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿದ್ದಾಗ ಹಾಸಿಗೆಯ ತುದಿಗೆ ಅದನ್ನು ಬರೆದು ಅಂಟಿಸಿದ್ದರು.

ಆ ಸಂಜೆ ಬಾಗಿಲು ಹಾಕಿಕೊಂಡು ಕಾರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಓ ಮತ್ತು ಓ. ಅವರ ಒಬ್ಬಳೇ ಮಗಳು ಬಿ.

ಯಾರನ್ನೂ ಕೇಳಲಿಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನಾನು ಹುಟ್ಟಿದ್ದು ವಿಜಯಪುರದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಅನೇಕ ಮಕ್ಕಳ ನಡುವೆ. ಅಪ್ಪ ನನ್ನನ್ನು ಮೊದಲು ನೋಡಿದ್ದು ತೊಟ್ಟಿಲಿಗೆ ಹಾಕಿದ ದಿನ. ಅದಲುಬದಲಾಗಿರಬಹುದು ಎಂದು ನಾನು ತೀರ್ಮಾನಿಸಿದೆ. ಇನ್ನೊಂದು ಸಾಧ್ಯತೆಯ ಕಡೆಗೆ, ಆ ಹುಡುಗ ಕೂಗಿ ಹೇಳಿದ ಸಾಧ್ಯತೆಯ ಕಡೆಗೆ, ಮನಸ್ಸು ಹೋಗುತ್ತಲೇ ಇರಲಿಲ್ಲ. ಅವ್ವನನ್ನು ಬಲ್ಲವರ ಮನಸ್ಸು ಅತ್ತ ಹೋಗದು. ಹಾಗಾಗಿ ಅತ್ತಿಯ ನುಚ್ಚಿನ ಕಥೆಯೇ ನಿಜವಿರಬೇಕು, ಅದು ಅವಳಿಗೂ ಗೊತ್ತಿಲ್ಲ ಎಂದುಕೊಂಡೆ. ಮುಂದೆ ಜೀವಶಾಸ್ತ್ರ ಬಿಟ್ಟು ಭೌತಶಾಸ್ತ್ರ ಓದಿದೆ. ಏಕೆ ಎಂದು ಕೇಳಿದವರಿಗೆ ಗಣಿತ ಇಷ್ಟ ಎಂದು ಹೇಳಿದೆ. ಅದೂ ಸುಳ್ಳಲ್ಲ.

ಈಗ ನಾನು ಸದಾಶಿವ ಪೇಠದ ಒಂದು ಹಳೆಯ ವಾಡೆಯ ಮೇಲಂತಸ್ತಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಮಕ್ಕಳಿಗಾಗಿ ಮರಾಠಿಯಲ್ಲಿ ವಿಜ್ಞಾನದ ಪುಸ್ತಕಗಳನ್ನು ಮಾಡುತ್ತಾರೆ. ಬರೆಯುವವರು ಬೇರೆ, ಚಿತ್ರ ಹಾಕುವವರು ಬೇರೆ. ಬರೆದದ್ದು ನಿಜವೋ ಅಲ್ಲವೋ ಎಂದು ಮೂಲವನ್ನು ಹುಡುಕಿ ನೋಡುವುದು ನನ್ನ ಕೆಲಸ. ಕಿಟಕಿಯ ಕೆಳಗೆ ಕ್ಲಾಸುಗಳಿಗೆ ಹೋಗುವ ಹುಡುಗರ ಸ್ಕೂಟರುಗಳ ಗದ್ದಲ. ಮೇಜಿನ ಮೇಲೆ, ಬೆಳಿಗ್ಗೆಯಿಂದ ಸಂಜೆಯವರೆಗೆ, ನಂಬಲಾಗದ ಸಂಗತಿಗಳು.

ಅಪ್ಪ ಕಂಪನಿಯ ಬಸ್ಸಿನಿಂದ ಇಳಿದು ಮನೆಗೆ ಬಂದು, ಕಾರ್ಡನ್ನು ಗೂಟಕ್ಕೆ ಹಾಕಿ, ಚಹಾದ ಕಪ್ಪು ಹಿಡಿದು ಕೂತ ಮೇಲೆ ತಪ್ಪದೆ ಕೇಳುತ್ತಾರೆ: "ಹೂಂ, ಇವತ್ತ ಏನ ಹೊಸಾ ಸುದ್ದಿ?"

ಒಂದು ದಿನ ಜೇನುಹುಳಗಳ ಸುದ್ದಿ ಹೇಳಿದೆ. ಎರಡು ಚೀಟಿಗಳಲ್ಲಿ ಕಡಿಮೆ ಚುಕ್ಕೆಗಳಿರುವುದರ ಮೇಲೆ ಕೂತರೆ ಸಿಹಿ ಸಿಗುತ್ತದೆ ಎಂದು ಅವುಗಳಿಗೆ ಕಲಿಸಿದರು. ಆಮೇಲೆ ಒಂದು ಚೀಟಿಯ ಮೇಲೆ ಕೆಲವು ಚುಕ್ಕೆ ಇಟ್ಟು, ಇನ್ನೊಂದನ್ನು ಪೂರ್ತಿ ಖಾಲಿ ಬಿಟ್ಟರು. ಹುಳಗಳು ಖಾಲಿ ಚೀಟಿಯ ಕಡೆಗೇ ಹೆಚ್ಚಾಗಿ ಹೋದವು. ಏನೂ ಇಲ್ಲದಿರುವುದು ಒಂದಕ್ಕಿಂತ ಕಡಿಮೆ ಎಂದು ಅವುಗಳಿಗೆ ತಿಳಿದಿತ್ತು, ಎಳ್ಳಿನಷ್ಟು ಮಿದುಳಿನಲ್ಲಿ.

ಅಪ್ಪ ಕಪ್ಪನ್ನು ಕೆಳಗಿಟ್ಟರು. "ಅಬಬಬಾ! ನಮ್ಮ ಸ್ಟೋರ್ಸಿನ ಮಂದಿಗೆ ಇನ್ನೂ ತಿಳಿದಿಲ್ಲ. ಡಬ್ಬಿ ಖಾಲಿ ಆದ್ರೂ ಮಾಲ ಅದ್ರಿ ಸಾಹೇಬ್ರ ಅಂತಾರ."

ಇನ್ನೊಂದು ದಿನ ಬಂಗಾರದ ಸುದ್ದಿ. ಸತ್ತ ನಕ್ಷತ್ರಗಳೆರಡು ಒಂದಕ್ಕೊಂದು ಅಪ್ಪಳಿಸಿದಾಗ ಬಂಗಾರದಂಥ ಭಾರದ ಧಾತುಗಳು ಹುಟ್ಟುತ್ತವೆ, ಭೂಮಿಯ ಬಂಗಾರದ ಒಂದಷ್ಟು ಪಾಲಾದರೂ ಹಾಗೆ ಬಂದಿರಬೇಕು ಎಂದೆ. ಅಪ್ಪ ಅವ್ವನ ತಾಳಿಯನ್ನೇ ನೋಡತೊಡಗಿದರು. ಅವ್ವ ಸೆರಗು ಎಳೆದುಕೊಂಡು, "ಇದು ನಮ್ಮ ತವರಿನವರು ಹಾಕಿದ್ದು. ನಕ್ಷತ್ರದ್ದಲ್ಲ," ಎಂದಳು.

ಕಂಬಳಿಹುಳು ಪತಂಗವಾಗುವ ಸುದ್ದಿಗೆ ಮಾತ್ರ ಅಪ್ಪ ತಮಾಷೆ ಮಾಡಲಿಲ್ಲ. ಗೂಡಿನೊಳಗೆ ಹುಳುವಿನ ಮೈಯ ಬಹುಭಾಗ ಕರಗಿ ಬೇರೆಯೇ ಆಗುತ್ತದೆ. ಆದರೂ, ಹುಳುವಾಗಿದ್ದಾಗ ಹೆದರಲು ಕಲಿತ ವಾಸನೆಗೆ ಕೆಲವು ಪತಂಗಗಳು ಆಮೇಲೂ ಹೆದರಿದವು. ಅಪ್ಪ, "ಅಷ್ಟೆಲ್ಲಾ ಕರಗಿದ ಮ್ಯಾಲೂ ನೆನಪ ಉಳೀತದ?" ಎಂದು ಕೇಳಿದರು. ಆ ರಾತ್ರಿ ಊಟದ ನಡುವೆಯೂ ಅದನ್ನೇ ಮತ್ತೊಮ್ಮೆ ಕೇಳಿದರು.

ರಕ್ತದ ಸುದ್ದಿಯನ್ನು ನಾನೆಂದೂ ತರಲಿಲ್ಲ. ಜಗತ್ತಿನ ಎಲ್ಲವನ್ನೂ ಹುಡುಕಿ ನೋಡುವವಳು ಅದೊಂದನ್ನು ಹುಡುಕಲಿಲ್ಲ. ಉತ್ತರ ಗೊತ್ತಿದೆ ಎಂದುಕೊಂಡಿದ್ದೆ. ನನಗೆ ಬೇಕಾಗಿದ್ದು ಇಷ್ಟೇ: ಚಹಾ ಹಿಡಿದು ಕೂತು ಆ ಪ್ರಶ್ನೆ ಕೇಳುವ ಮನುಷ್ಯ ನನ್ನ ಅಪ್ಪನಾಗಿಯೇ ಇರಬೇಕು. ಹುಡುಕಿದರೆ ಅದು ಹೋಗುತ್ತಿತ್ತು.

ಕಳೆದ ವರ್ಷ ಅಪ್ಪನ ಬಲಗಾಲಿನ ನೋವು ಹೆಚ್ಚಾಯಿತು. ಸೊಂಟದ ಕೀಲು ಸವೆದಿದೆ, ಹೊಸದು ಹಾಕಬೇಕು ಎಂದರು ಡಾಕ್ಟರು. ಅವಸರವೇನಿರಲಿಲ್ಲ, ಮುಂದಿನ ತಿಂಗಳು ಒಂದು ದಿನ ಗೊತ್ತುಮಾಡಿ, ಎರಡು ಚೀಲ ರಕ್ತ ಸಿದ್ಧವಿರಲಿ ಎಂದು ಹೇಳಿ ಕಳಿಸಿದರು. ಓ ಗುಂಪಿಗೆ ಏನು ಬರ? ಕಾರ್ಖಾನೆಯ ಗೆಳೆಯರು ನಾ ಮುಂದೆ ತಾ ಮುಂದೆ ಎಂದು ಬಂದರು. ಅಪ್ಪನಿಗೆ ಮಾತ್ರ ನಾಚಿಕೆ. ಕಾರ್ಖಾನೆಯ ವಾರ್ಷಿಕ ದಿನದಂದು ರಕ್ತದಾನದ ಶಿಬಿರ ನಡೆಯುತ್ತದೆ. ಎಲ್ಲರನ್ನೂ ಹುರಿದುಂಬಿಸಿ ಮಂಚ ಹತ್ತಿಸುವವರು, ಬಾಳೆಹಣ್ಣು ಬಿಸ್ಕಿಟು ಹಂಚುವವರು ಅಪ್ಪನೇ. ತಮ್ಮ ಸರದಿ ಬಂದಾಗ ಸ್ಟೋರ್ಸಿನ ಕೀಲಿ ತೋರಿಸಿ ಮಾಯವಾಗುತ್ತಿದ್ದರು. ಸೂಜಿ ಎಂದರೆ ಅವರಿಗೆ ಮೈ ನಡುಗುತ್ತದೆ. ಕೆಲಸಕ್ಕೆ ಸೇರಿದಾಗ ಬೆರಳಿಗೆ ಒಮ್ಮೆ ಚುಚ್ಚಿ ಗುಂಪು ನೋಡಿದ್ದರಂತೆ. ಆ ಒಂದು ಚುಚ್ಚಿನ ಕಥೆಯನ್ನೇ ಅವರು ಇಂದಿಗೂ ಹೇಳುತ್ತಾರೆ.

ಅತ್ತಿ ಕಟಕರೊಟ್ಟಿ, ಶೇಂಗಾ ಚಟ್ನಿಯ ಗಂಟು ಹೊತ್ತು ಬಂದಿಳಿದಳು. ಅದೇ ವಾರ ರಕ್ತನಿಧಿಯಿಂದ ನನಗೆ ಫೋನು ಬಂತು. ಅಪ್ಪನ ರಕ್ತದ ಮಾದರಿ ಇನ್ನೊಮ್ಮೆ ಬೇಕು ಎಂದರು. ಕೊಟ್ಟೆವು. ಎರಡನೆಯ ದಿನ ಮತ್ತೆ ಫೋನು: ಅಪ್ಪನನ್ನು ಕರೆದುಕೊಂಡು ಬನ್ನಿ, ರಕ್ತಸಂಬಂಧಿಗಳು ಯಾರಿದ್ದರೂ ಬನ್ನಿ, ಡಾಕ್ಟರು ಮಾತಾಡಬೇಕಂತೆ.

ಸಂಬಂಧಿಗಳು ಎಂಬ ಮಾತು ಕೇಳಿದ್ದೇ, ಇಷ್ಟು ವರ್ಷ ಬಾಗಿಲ ಹಿಂದೆ ತೂಗಿದ್ದು ಈಗ ಮುಂದೆ ಬರುತ್ತದೆ ಎಂದುಕೊಂಡೆ.

ರಿಕ್ಷಾದಲ್ಲಿ ಅಪ್ಪ, ಅತ್ತಿ, ನಾನು ಹೋದೆವು. ರಕ್ತನಿಧಿಯ ಡಾಕ್ಟರು ನಿವೃತ್ತಿಗೆ ಹತ್ತಿರವಾದ ಹೆಂಗಸು, ನಮ್ಮನ್ನು ನೋಡಿದ ಕೂಡಲೇ ಎದ್ದು ನಿಂತರು. ಮುಖದಲ್ಲಿ ಕಾಳಜಿಗಿಂತ ಹೆಚ್ಚಾಗಿ ಸಂಭ್ರಮವಿತ್ತು. ಅವರು ಮರಾಠಿಯಲ್ಲಿ ಹೇಳಿದ್ದರ ಸಾರ ಹೀಗೆ: ಕೊಡುವ ಮೊದಲು ಚೀಲದ ರಕ್ತವನ್ನು ರೋಗಿಯ ರಕ್ತದ ಜೊತೆ ಒಂದು ಕೊಳವೆಯಲ್ಲಿ ಬೆರೆಸಿ ನೋಡುತ್ತಾರೆ. ಅಪ್ಪನ ರಕ್ತದ ಜೊತೆ ಒಂದು ಓ ಚೀಲ ಬೆರೆಸಿದರು, ಕಾಳುಕಾಳಾಯಿತು. ಇನ್ನೊಂದು, ಮತ್ತೊಂದು. ಕಪಾಟಿನಲ್ಲಿದ್ದ ಯಾವ ಓ ಚೀಲವೂ ಹೊಂದಲಿಲ್ಲ. ಅಪ್ಪನದು ಓ ಅಲ್ಲವೇ ಅಲ್ಲ. ಅದು ಬಹಳ ಅಪರೂಪದ ಗುಂಪು, ಮುಂಬಯಿಯಲ್ಲಿ ಮೊದಲು ಪತ್ತೆಯಾದ್ದರಿಂದ ಅದಕ್ಕೆ ಜಗತ್ತಿನಾದ್ಯಂತ ಬಾಂಬೆ ಎಂದೇ ಹೆಸರು.

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇಷ್ಟ ವರ್ಷ ಪುಣೇದಾಗಿದ್ದು ರಕ್ತ ಬೊಂಬಾಯಿದು ಅಂದ್ರ, ಸೊಸಾಯಿಟಿ ಮಂದಿ ಏನಂದಾರು? ನೀರಿನ ಕನೆಕ್ಷನ್ ಕಿತ್ತಾರ," ಎಂದರು.

ಡಾಕ್ಟರು ಏನೆಂದು ಕೇಳಿದರು. ನಾನು ಮರಾಠಿಯಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕರು. ಮುಂಬಯಿ ಎಂದರೆ ಮೂಗು ಮುರಿಯುವ ಅಪ್ಪಟ ಪುಣೆಯವರು ಅವರು.

ಆಮೇಲೆ ಅವರು ಕೇಳಿದ ಪ್ರಶ್ನೆ ಬೇರೆ ಬಗೆಯದು. "ಅವರ ತಂದೆ ತಾಯಿ ಮದುವೆಗೆ ಮೊದಲೇ ಸಂಬಂಧಿಕರೇ?"

ಅತ್ತಿಗೆ ಅಷ್ಟು ಮರಾಠಿ ತಿಳಿಯುತ್ತದೆ. ಉತ್ತರ ಕನ್ನಡದಲ್ಲೇ ಬಂತು. "ಹೌದ್ರಿ ಬಾಯಾರ. ನಮ್ಮವ್ವ ಖಾಸಾ ತನ್ನ ಸ್ವಾದರಮಾವನ್ನ ಮಾಡ್ಕೊಂಡಾಳ. ನಮ್ಮ ಕಡೆ ಹಂಗರಿ. ಹುಡುಗಿ ಹುಟ್ಟಿದ ದಿನಾನ ಮಾವ ಬಂದು ತೊಟ್ಟಲಾ ಹಿಡದು ನಿಂತ್ಬಿಡ್ತಾನ."

ನಾನು ಅನುವಾದಿಸಿದೆ. ತಾಯಿಯ ತಮ್ಮನನ್ನೇ ಮದುವೆಯಾಗುವುದು ಮರಾಠಿ ಮಂದಿಯಲ್ಲಿ ಊಹಿಸಲೂ ಆಗದ ಮಾತು. ಡಾಕ್ಟರು ಹುಬ್ಬೇರಿಸಿದರೂ ತಲೆಯಾಡಿಸಿದರು. ಅವರು ಹುಡುಕುತ್ತಿದ್ದುದು ಅದನ್ನೇ. ಈ ಗುಂಪು ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಒಂದೇ ಕೊರತೆ ಬರಬೇಕು. ಹೊರಗಿನವರಲ್ಲಿ ಅಂಥ ಎರಡು ಕೊರತೆಗಳು ಸಂಧಿಸುವುದು ಬಲು ಅಪರೂಪ. ಒಂದೇ ಮನೆಯೊಳಗೆ ಮದುವೆಯಾದರೆ, ಎಂದೋ ಒಬ್ಬ ಮುತ್ತಜ್ಜನಲ್ಲೋ ಮುತ್ತಜ್ಜಿಯಲ್ಲೋ ಇದ್ದದ್ದು ಎರಡು ದಾರಿಯಲ್ಲಿ ನಡೆದುಬಂದು ಒಂದೇ ಮಗುವಿನಲ್ಲಿ ಕೂಡುತ್ತದೆ.

"ಮಕ್ಕಳು?" ಎಂದು ಕೇಳಿದರು.

"ಇವಳೊಬ್ಬಳೇ," ಎಂದರು ಅಪ್ಪ, ಮರಾಠಿಯಲ್ಲಿ.

ಡಾಕ್ಟರು ನನ್ನ ಕಡೆ ನೋಡಿದರು. "ನಿನ್ನ ಗುಂಪು ಗೊತ್ತೇ?"

ಆ ಅಕ್ಷರವನ್ನು ನಾನು ಅಪ್ಪನ ಎದುರು ಎಂದೂ ಉಚ್ಚರಿಸಿರಲಿಲ್ಲ. ಕಾಲೇಜಿನ ಅರ್ಜಿಗಳಲ್ಲಿ, ಕಚೇರಿಯಲ್ಲಿ, ಎಲ್ಲ ಕಡೆ ಬರೆದಿದ್ದೆ. ಮನೆಯಲ್ಲಿ ಮಾತ್ರ ಇಲ್ಲ. "ಬಿ," ಎಂದೆ.

"ಆಯಿಯದು?"

"ಓ."

ಡಾಕ್ಟರು ಮೇಜನ್ನು ಅಂಗೈಯಿಂದ ತಟ್ಟಿದರು. "ಬಘಾ! ಹಾ ಬಿ ಬಾಬಾಂಚಾಚ!" ನೋಡಿ, ಈ ಬಿ ಅಪ್ಪನದೇ! ಅವರ ಒಳಗೆ ಬಿ ಇದೆ, ಕಾಣುವುದಿಲ್ಲ ಅಷ್ಟೇ. ನಿನ್ನಲ್ಲಿ ಕಾಣುತ್ತಿದೆ.

ನನಗೆ ಆ ಮಾತು ಕೂಡಲೇ ಒಳಗಿಳಿಯಲಿಲ್ಲ. ಗೋಡೆಯ ಮೇಲೆ ಒಂದು ಗಡಿಯಾರವಿತ್ತು, ಅದರ ಕೆಳಗೆ ತಣ್ಣನೆಯ ಪೆಟ್ಟಿಗೆಗಳು ಗುಂಯ್ ಎನ್ನುತ್ತಿದ್ದವು. ಅತ್ತಿ, "ಏನಂದ್ರು? ಏನಂದ್ರ ಅವರು?" ಎಂದು ನನ್ನ ಮೊಣಕೈ ತಿವಿಯುತ್ತಿದ್ದಳು. ಇನ್ನೊಮ್ಮೆ ಹೇಳಿ ಎಂದು ಡಾಕ್ಟರನ್ನು ಕೇಳಿಕೊಂಡೆ. ಅವರು ಒಂದು ಹಾಳೆ ಎಳೆದುಕೊಂಡು ಚಿತ್ರ ಬರೆದು ಹೇಳಿದರು. ಮಧ್ಯದಲ್ಲಿ ಒಂದು ಸಲ ನಾನೇ ಪೆನ್ನು ತೆಗೆದುಕೊಂಡು ಅವ್ವನ ಗುಂಪನ್ನು ಸೇರಿಸಿ, ಗೆರೆ ಎಳೆದು, ಕೆಳಗೆ ನನ್ನನ್ನು ಬರೆದೆ. ಲೆಕ್ಕ ಕೂಡಿತು.

ಸಂಜೆ ಚಹಾದ ಹೊತ್ತಿಗೆ ಅಪ್ಪ ಎಂದಿನಂತೆ, "ಹೂಂ, ಇವತ್ತ ಏನ ಹೊಸಾ ಸುದ್ದಿ?" ಎಂದರು. ಅವ್ವನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಅತ್ತಿಗೆ ತಿಳಿದದ್ದು ಅರ್ಧ. ನಾನು ಎದ್ದು ಬಾಗಿಲ ಹಿಂದಿನ ಗೂಟಗಳ ಮೇಲಿದ್ದ ಎಲ್ಲವನ್ನೂ ತೆಗೆದು ಮಂಚದ ಮೇಲೆ ಹಾಕಿದೆ.

"ಮನಿ ಖಾಲಿ ಮಾಡ್ತಿ ಏನ?" ಎಂದಳು ಅವ್ವ.

ರಕ್ತದ ಕೆಂಪು ಕಣವೊಂದು ಗೋಡೆ ಎಂದುಕೊಳ್ಳಿ ಎಂದೆ. ಆ ಗೋಡೆಯ ಮೇಲೆ ಸಕ್ಕರೆಯ ಜಾತಿಯ ವಸ್ತುವಿನಿಂದ ಮಾಡಿದ ಗೂಟಗಳಿರುತ್ತವೆ. ಬಹುತೇಕ ಎಲ್ಲ ಮನುಷ್ಯರಿಗೂ ಇರುತ್ತವೆ. ಎ ಗುಂಪಿನವರ ಗೂಟಕ್ಕೆ ಕೊಡೆ ತೂಗುತ್ತದೆ. ಬಿ ಗುಂಪಿನವರ ಗೂಟಕ್ಕೆ ಕಾರ್ಡು. ಎಬಿ ಆದರೆ ಎರಡೂ. ಓ ಗುಂಪಿನವರ ಗೂಟಗಳು ಖಾಲಿ.

"ಜೇನಹುಳದ ಚೀಟಿ ಹಂಗ," ಎಂದರು ಅಪ್ಪ.

"ಹೌದ್ರಿ. ಆದ್ರ ನಿಮ್ಮ ಗ್ವಾಡಿಗೆ ಗೂಟಾನ ಇಲ್ಲ."

ಹುಟ್ಟುವಾಗಲೇ ಅಪ್ಪನ ಗೋಡೆಗೆ ಗೂಟ ಹೊಡೆಯುವ ಬಡಗಿ ಬರಲಿಲ್ಲ. ಅವರ ಹತ್ತಿರ ಕಾರ್ಡು ಇದೆ, ಆದರೆ ತೂಗುಹಾಕಲು ಜಾಗವಿಲ್ಲ. ಅದು ಟ್ರಂಕಿನಲ್ಲೇ ಉಳಿಯಿತು. ಬೆರಳು ಚುಚ್ಚಿ ನೋಡುವವರು ಗೋಡೆಯ ಮೇಲೆ ಕೊಡೆ ಇದೆಯೇ, ಕಾರ್ಡು ಇದೆಯೇ ಎಂದಷ್ಟೇ ನೋಡುತ್ತಾರೆ. ಎರಡೂ ಕಾಣಲಿಲ್ಲ, ಓ ಎಂದು ಬರೆದರು. ಖಾಲಿ ಗೂಟಕ್ಕೂ ಗೂಟವೇ ಇಲ್ಲದ್ದಕ್ಕೂ ಇರುವ ವ್ಯತ್ಯಾಸ ಅವರ ಎರಡು ಹನಿಗಳಲ್ಲಿ ಕಾಣದು. ಅಪ್ಪನ ಮೈಗೆ ಮಾತ್ರ ಅದು ಚೆನ್ನಾಗಿ ಗೊತ್ತು. ಗೂಟವನ್ನೇ ಕಂಡರಿಯದ ಮೈ ಅದು. ಹೊರಗಿನ ರಕ್ತದಲ್ಲಿ ಗೂಟ ಕಂಡರೆ ಶತ್ರು ಬಂದ ಎಂದು ಮೇಲೆ ಬೀಳುತ್ತದೆ. ಓ ಚೀಲದಲ್ಲಿ ಇರುವುದೆಲ್ಲ ಬರಿಯ ಗೂಟವೇ.

"ಗೂಟಾ ನೋಡಿ ಯಾಕ ಬಡದಾಡ್ತದ?" ಎಂದಳು ಅತ್ತಿ. "ಗೂಟಾ ಪಾಪ ಏನ ಮಾಡೀತು?"

"ಅದಕ್ಕ ಗೂಟಾ ಅಂದ್ರ ಪರಕೀಯ, ಅತ್ತಿ."

"ಹಂಗಾದ್ರ ರಕ್ತಾನೂ ಅಣ್ಣನ ಸ್ವಭಾವದ್ದ. ಗುರ್ತ ಇಲ್ಲದಾವರ ಬಂದ್ರ ಬಾಗಲಾ ತಗಿಯಂಗಿಲ್ಲ."

ಅವ್ವ ನಗಲಿಲ್ಲ. ಮಂಚದ ಮೇಲೆ ಬಿದ್ದಿದ್ದ ಕಾರ್ಡನ್ನೇ ನೋಡುತ್ತಿದ್ದಳು. "ಮತ್ತ ಇಕೀದು?" ಎಂದು ಕೇಳಿದಳು.

ನಾನು ಕಾರ್ಡನ್ನು ಎತ್ತಿಕೊಂಡೆ. "ನಿನ್ನ ಕಡಿಂದ ನನಗ ಗೂಟಾ ಬಂತು, ಅವ್ವ. ಅಪ್ಪನ ಟ್ರಂಕಿನ್ಯಾಗಿನ ಕಾರ್ಡ ಬಂತು." ಕಾರ್ಡನ್ನು ಗೂಟಕ್ಕೆ ಹಾಕಿದೆ. ಅದು ಸ್ವಲ್ಪ ಹೊತ್ತು ತೂಗಾಡಿ ನಿಂತಿತು.

ಎಷ್ಟೋ ಅದ್ಭುತಗಳ ಮೂಲವನ್ನು ನಾನು ಪರಿಶೀಲಿಸಿದ್ದೇನೆ. ನಕ್ಷತ್ರಗಳ ಬೂದಿ, ಕರಗಿದ ಹುಳುವಿನ ನೆನಪು. ಅವೆಲ್ಲ ದೂರದವು, ಓದಿ ಬೆರಗಾಗಿ ಮುಂದಿನ ಪುಟಕ್ಕೆ ಹೋಗಬಹುದಾದವು. ಅಪ್ಪನ ಬದುಕಿನುದ್ದಕ್ಕೂ ಯಾವ ಕಣ್ಣಿಗೂ, ಯಾವ ದ್ರವಕ್ಕೂ ಕಾಣದೆ ಅವರ ಪ್ರತಿ ಹನಿಯಲ್ಲಿ ಸುತ್ತುತ್ತಿದ್ದ ಒಂದು ಅಕ್ಷರ, ಅವ್ವ ಕೊಟ್ಟ ಗೂಟ ಸಿಕ್ಕಿದ ಕೂಡಲೇ ನನ್ನ ಮೈಯಲ್ಲಿ ಬೆಳಕಿಗೆ ಬಂದಿತ್ತು. ಹಳದಿ ದ್ರವದಲ್ಲಿ ನಾನು ಕಂಡ ಆ ಕೆಂಪು ಮರಳು ಅಪ್ಪನದು. ಯಾವುದನ್ನು ನಾನು ಅವರಿಂದ ನನ್ನನ್ನು ಬೇರೆ ಮಾಡುವ ಗುರುತು ಎಂದುಕೊಂಡಿದ್ದೆನೋ, ಅದು ಅವರೊಳಗೆ ಏನಿದೆ ಎಂಬುದಕ್ಕೆ ನಮ್ಮ ಕಣ್ಣಿಗೆ ಕಂಡ ಮೊದಲ ಸುಳಿವು.

ಮರುದಿನ ಕಚೇರಿಯಲ್ಲಿ, ಇಷ್ಟು ವರ್ಷ ತೆರೆಯದ ಪುಟಗಳನ್ನು ತೆರೆದು ಓದಿದೆ. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳಲ್ಲಿ ಮುಂಬಯಿಯ ವೈದ್ಯರಿಗೆ ಯಾರ ರಕ್ತವೂ ಹೊಂದದ ಕೆಲವರು ಎದುರಾಗಿದ್ದರು. ಪರೀಕ್ಷೆಯೇ ತಪ್ಪಿರಬೇಕು ಎಂದು ಅವರು ಅದನ್ನು ಬದಿಗಿಡಬಹುದಿತ್ತು. ಇಡಲಿಲ್ಲ. ಹೊಂದದ್ದನ್ನೇ ಹಿಡಿದು ಹೋಗಿ, ರಕ್ತಗುಂಪುಗಳ ಬುಡದಲ್ಲಿ ಇನ್ನೊಂದು ವಸ್ತುವಿದೆ, ಅದೂ ಇಲ್ಲದವರಿದ್ದಾರೆ ಎಂಬುದನ್ನು ಜಗತ್ತಿಗೆ ತಿಳಿಸಿದರು. ನನ್ನ ಮೇಡಂ ಬರೆದ ಕೋಷ್ಟಕ ಬಹುತೇಕ ಎಲ್ಲರಿಗೂ ಸರಿ. ಆ ಬಹುತೇಕ ಎಂಬ ಮಾತಿನ ಹೊರಗೆ ನಮ್ಮ ಮನೆ ಇತ್ತು.

ನನ್ನ ಕೆಲಸದ ರೂಢಿಯಿಂದ ಒಂದು ಮಾತು ಸೇರಿಸಬೇಕು. ಇಷ್ಟರಿಂದಲೇ ಯಾರು ಯಾರ ಮಗಳು ಎಂದು ಸಾಬೀತಾಗುವುದಿಲ್ಲ. ಆಗಲಾರದು ಎಂದಿದ್ದದ್ದು ಆಗಬಹುದು ಎಂದಾಯಿತು, ಅಷ್ಟೇ. ಕೆಲವು ವಾರಗಳ ಮೇಲೆ ಅಪ್ಪನ ವಂಶವಾಹಿಯ ಪರೀಕ್ಷೆಯ ವರದಿ ಬಂತು. ಟ್ರಂಕಿನಲ್ಲಿ ನಿಜಕ್ಕೂ ಬಿ ಇತ್ತು. ನಾನು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ.

ಮಗಳಾದರೂ ನನ್ನ ರಕ್ತ ಅಪ್ಪನಿಗೆ ಆಗದು. ನನ್ನ ಗೋಡೆಯಲ್ಲಿ ಗೂಟವೂ ಇದೆ, ಕಾರ್ಡೂ ಇದೆ. ಒಡಹುಟ್ಟಿದವರಿಗೆ ಇದೇ ಗುಂಪು ಇರುವ ಸಾಧ್ಯತೆ ಇದೆ ಎಂದು ಡಾಕ್ಟರು ಅತ್ತಿಯ ಮಾದರಿಯನ್ನೂ ತೆಗೆದುಕೊಂಡಿದ್ದರು. ಅವಳದೂ ಬಾಂಬೆ.

ಸುದ್ದಿ ಕೇಳಿ ಅತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಸಣ್ಣಾಕಿ ಇದ್ದಾಗ ನನ್ನ ತಾಟಿನ್ಯಾಗಿನ ಹೋಳಗಿ ಕದ್ದು ತಿಂತಿದ್ದಿ, ಈಗ ರಕ್ತಾನೂ ಬೇಕೇನು?" ಎಂದು ಅಪ್ಪನನ್ನು ಕೇಳಿದಳು. ಮಂಚದ ಮೇಲೆ ಮಲಗಿ ಚೀಲ ತುಂಬುವವರೆಗೂ ಅವಳ ಮಾತು ನಿಲ್ಲಲಿಲ್ಲ. ನಡುವೆ ನನ್ನನ್ನು ಹತ್ತಿರ ಕರೆದು, "ನಿನ್ನ ನನ್ನ ಮಗಗ ತಂದ್ಕೋಬೇಕು ಅಂತ ಭಾಳ ದಿವಸದ್ದ ಇತ್ತು. ಡಾಕ್ಟರ್ ಬಾಯಿ ಬ್ಯಾಡ ಅಂದ್ಲು, ಮತ್ತ ಗೂಟಾ ಇಲ್ಲದ ಮಕ್ಕಳ ಹುಟ್ಟತಾವಂತ. ಪಾರಾದಿ, ಹೋಗ," ಎಂದಳು.

ಇನ್ನೊಂದು ಚೀಲ ಅಪ್ಪನೇ ಕೊಡಬೇಕಾಯಿತು, ತಮಗಾಗಿಯೇ, ಮುಂಚಿತವಾಗಿ. ಅವರು ಕಣ್ಣು ಮುಚ್ಚಿಕೊಂಡು ನನ್ನ ಬೆರಳುಗಳನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಮುಗಿದ ಮೇಲೆ ಬಾಳೆಹಣ್ಣನ್ನೂ ಬಿಸ್ಕಿಟನ್ನೂ ಕೇಳಿ ಇಸಿದುಕೊಂಡರು.

ಶಸ್ತ್ರಚಿಕಿತ್ಸೆ ಸರಿಯಾಗಿ ಆಯಿತು. ಮರುದಿನ ಬೆಳಿಗ್ಗೆ ಅವರಿಗೆ ಅತ್ತಿಯ ರಕ್ತ ಕೊಡುತ್ತಿದ್ದರು. ಅವ್ವ ಅತ್ತಿಯ ಜೊತೆ ಚಹಾಕ್ಕೆ ಹೋಗಿದ್ದಳು. ನಾನು ಹನಿಗಳು ಇಳಿಯುವುದನ್ನು ನೋಡುತ್ತ ಕೂತಿದ್ದೆ. ಆ ನಗರದ ಅಷ್ಟು ಚೀಲಗಳಲ್ಲಿ ಸಿಗದ ರಕ್ತ, ಒಂದೇ ತೊಟ್ಟಿಲಿನಲ್ಲಿ ಮಲಗಿದ ಇನ್ನೊಂದು ಜೀವದಿಂದ ಬಂದು, ಯಾವ ಸದ್ದೂ ಇಲ್ಲದೆ ಅಪ್ಪನೊಳಗೆ ಸೇರುತ್ತಿತ್ತು. ಮೈ ಅದನ್ನು ತನ್ನದೆಂದು ಒಪ್ಪಿಕೊಂಡಿತ್ತು.

ಅಪ್ಪ ಎಚ್ಚರವಾಗಿಯೇ ಇದ್ದರು. "ಬಿ ಅಂತ ನಿನಗ ಯಾವಾಗಿಂದ ಗೊತ್ತಿತ್ತು?" ಎಂದು ಕೇಳಿದರು.

"ಹನ್ನೊಂದನೇತ್ತಾ ಇದ್ದಾಗಿಂದ."

"ಓ ಓ ಕೂಡಿದ್ರ ಬಿ ಆಗಂಗಿಲ್ಲ ಅಂತನೂ?"

"ಅದೂ."

ಅಪ್ಪ ಹನಿಗಳ ಕಡೆ ನೋಡಿದರು. ಸೂಜಿಗೆ ಹೆದರುವ ಮನುಷ್ಯ ಸೂಜಿಯನ್ನೇ ನೋಡುತ್ತಿದ್ದರು. "ಅಷ್ಟ ದಿವಸ ಅದನ್ನ ಹೊಟ್ಟ್ಯಾಗ ಇಟ್ಕೊಂಡು, ದಿನಾ ಸಂಜೀಕ ಬಂದು ನನಗ ಜೇನಹುಳದ ಸುದ್ದಿ ಹೇಳ್ತಿದ್ದಿ," ಎಂದರು.

ಆಮೇಲೆ ಸೂಜಿಯಿಲ್ಲದ ಕೈಯನ್ನು ಹಾಸಿಗೆಯ ಅಂಚಿಗೆ ಸರಿಸಿ ನನ್ನ ಕಡೆ ಚಾಚಿದರು. ಅಷ್ಟರಲ್ಲಿ ಅತ್ತಿ, ಆಸ್ಪತ್ರೆಯ ಚಹಾ ನೀರಿನ ಹಾಗಿದೆ ಎಂದು ಬೈಯುತ್ತ ಒಳಗೆ ಬಂದಳು.

ಅತ್ತಿ ಊರಿಗೆ ಹೊರಟ ದಿನ ಅಪ್ಪ ವಾಕರ್ ಹಿಡಿದು ಬಾಗಿಲವರೆಗೆ ಬಂದಿದ್ದರು. ಅವರು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು ಎಂದು ರಕ್ತನಿಧಿಯವರು ಕೊಟ್ಟ ಹೊಸ ಕಾರ್ಡನ್ನು ಅವ್ವ ಹಳೆಯದರ ಪಕ್ಕದ ಗೂಟಕ್ಕೆ ಹಾಕಿದ್ದಳು. ಅತ್ತಿ ಚಪ್ಪಲಿ ಮೆಟ್ಟಿ, ತಿರುಗಿ ನನ್ನ ಗದ್ದ ಹಿಡಿದಳು. ಮುಖವನ್ನು ಅತ್ತ ಇತ್ತ ತಿರುಗಿಸಿದಳು. ಆಮೇಲೆ ಯಾಕೋ ಗದ್ದ ಬಿಟ್ಟು ಚೀಲ ಎತ್ತಿಕೊಂಡಳು.

"ಹೇಳ್ರಿ ಅತ್ತಿ," ಎಂದೆ.

"ಏನ ಹೇಳ್ಲಿ? ರಕ್ತದ ಲೆಕ್ಕಾನ ನೀ ಗ್ವಾಡಿ ಮ್ಯಾಲ ತೂಗಹಾಕಿ ತೋರ್ಸಿದಿ."

"ಆದ್ರೂ ಹೇಳ್ರಿ."

ಅವಳು ನನ್ನ ಕಣ್ಣುಗಳನ್ನು ನೋಡಿದಳು. ಎಷ್ಟು ತಿಳಿಯಿತೋ ಗೊತ್ತಿಲ್ಲ. "ಮೂಗ ನಮ್ಮದಲ್ಲ," ಎಂದು ಮೆಲ್ಲಗೆ ಶುರುಮಾಡಿದಳು. "ಬಣ್ಣ ವೈನಿದಲ್ಲ. ಇದನ್ನ ದವಾಖಾನಿ ಮುಂದ ಒಂದ ಸೇರ ನುಚ್ಚ ಕೊಟ್ಟು ತಗೊಂಡ ಬಂದೀವಿ."

"ಒಂದ ಸೇರ ಭಾಳಾತು," ಎಂದರು ಅಪ್ಪ, ವಾಕರ್ ಮೇಲೆ ಭಾರ ಬಿಟ್ಟು. ನಾನು ಆಗಲೇ ನಗುತ್ತಿದ್ದೆ.